ಏರಿ ಮೇಲಿನ ಸವತಿ

ಮಂಜುಶ್ರೀ ಮದುವೆಯಾಗಿ ಬಂದಾಗ ಅವಳಿಗೆ ಮೂವತ್ತಾರು ವರ್ಷ. ಕೊಳಾಲದ ಹತ್ತಿರದ ಹಳ್ಳಿಯಲ್ಲಿ ಹದಿನೆಂಟು ವರ್ಷ ಊರ ಹೆಂಗಸರಿಗೆಲ್ಲ ರವಿಕೆ ಹೊಲಿದು, ಇಬ್ಬರು ತಂಗಿಯರನ್ನು ಗಂಡನ ಮನೆಗೆ ಕಳಿಸಿ, ಹಾಸಿಗೆ ಹಿಡಿದ ತಾಯಿಯನ್ನು ಕೊನೆಯವರೆಗೂ ನೋಡಿಕೊಂಡಿದ್ದಳು. ಇನ್ನು ತನಗೆ ಮದುವೆಯ ಯೋಗವಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡ ವರ್ಷವೇ ಭೀಮರಾಜುವಿನ ಕಡೆಯಿಂದ ಮಾತು ಬಂತು.

ಭೀಮರಾಜು ಬಡವನಹಳ್ಳಿಯಿಂದ ನಾಲ್ಕು ಮೈಲಿ ಒಳಗಿರುವ ಸಣ್ಣಮಲ್ಲನಪಾಳ್ಯದವನು. ಪಂಚಾಯಿತಿಯ ವಾಟರ್‌ಮನ್. ಬೆಳಿಗ್ಗೆ ಎದ್ದು ಬೋರ್‌ವೆಲ್ ಮೋಟರು ಹಾಕಿ, ಕೇರಿ ಕೇರಿಗೆ ವಾಲ್ವು ತಿರುಗಿಸಿ ನೀರು ಬಿಡುವುದು ಅವನ ಕೆಲಸ. ವಯಸ್ಸು ನಲವತ್ತಾರು. ಎರಡು ಮದುವೆಯಾಗಿ ಇಬ್ಬರು ಹೆಂಡಿರನ್ನೂ ಮಣ್ಣು ಮಾಡಿದವನು. ಮೊದಲನೆಯವಳು ಲಕ್ಕಮ್ಮ ಕಾಮಾಲೆಯಲ್ಲಿ ಹೋದಳು, ಎರಡನೆಯವಳು ರಂಗಲಕ್ಷ್ಮಿ ಡೆಂಗ್ಯೂ ಜ್ವರದಲ್ಲಿ. ಮಕ್ಕಳಿರಲಿಲ್ಲ.

"ಅಕ್ಕಾ, ಇಬ್ರು ಸತ್ತವ್ರೆ. ನಿಂಗೆ ಭಯ ಆಗಲ್ವಾ?" ಎಂದು ತಂಗಿ ಕೇಳಿದ್ದಳು.

"ಕಾಮಾಲೆ ಬಂದ್ರೆ, ಸೊಳ್ಳೆ ಕಚ್ಚಿದ್ರೆ ಅವ್ರೇನು ಮಾಡ್ತಾರೆ?" ಎಂದಿದ್ದಳು ಮಂಜುಶ್ರೀ. ಹೆಣ್ಣು ನೋಡಲು ಬಂದ ದಿನ ಭೀಮರಾಜು ತಲೆ ಎತ್ತಿರಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಡುವಾಗ ನೆಲ ನೋಡಿಕೊಂಡೇ ಒಂದು ಮಾತು ಹೇಳಿದ್ದ. "ಮಿಷಿನ್ ಇಡಾಕೆ ಕಿಟಕಿ ಪಕ್ಕ ಜಾಗ ಐತೆ. ಬೆಳಕು ಚೆನ್ನಾಗಿ ಬೀಳ್ತದೆ." ಆ ಒಂದು ಮಾತಿಗೆ ಅವಳು ಒಪ್ಪಿಕೊಂಡಳು. ಹೊಲಿಯುವವಳಿಗೆ ಬೆಳಕು ಬೇಕು ಎಂದು ಯೋಚಿಸಿದ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಅಡ್ಡಿ ಬಂದದ್ದು ಭೀಮರಾಜುವಿನ ಅಕ್ಕ ಪಟಾಲಮ್ಮನಿಂದ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಮ್ಮನ ಪಕ್ಕದ ಮನೆಯಲ್ಲೇ ಇದ್ದವಳು ಆಕೆ. ಮೂರನೆಯ ಹೆಂಡತಿ ಉಳಿಯುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. "ಮೂರನೇದು ಎಕ್ಕದ ಗಿಡ ಆಗ್ಲಿ. ಆ ಹುಡುಗಿ ನಾಲ್ಕನೇವಳಾಗಿ ಬರ್ಲಿ, ನೂರು ವರ್ಸ ಬಾಳ್ಲಿ" ಎಂದು ಪಟ್ಟು ಹಿಡಿದಳು. ಯಾವುದೋ ಒಂದು ಎಕ್ಕದ ಗಿಡವಾದರೆ ಅವಳಿಗೆ ಸಾಲದು. ಕೆರೆ ಏರಿಯ ಮೇಲೆ ಮಾಸ್ತಿಕಲ್ಲಿನ ಪಕ್ಕದಲ್ಲಿ ಆಳೆತ್ತರ ಬೆಳೆದ ಬಿಳಿ ಎಕ್ಕವೇ ಆಗಬೇಕು.

ಮದುವೆಯ ದಿನ ನಸುಕಿನಲ್ಲಿ ಭೀಮರಾಜು ಆ ಗಿಡದ ಕೊಂಬೆಗೆ ಅರಿಶಿನದ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿದ. ಅಲ್ಲಿಗೆ ಅದು ಮೂರನೆಯ ಹೆಂಡತಿಯಾಯಿತು. ಕಟ್ಟಿದ ಮೇಲೆ ಗಿಡವನ್ನು ಬುಡದಿಂದ ಕಡಿದು, ಹೆಂಡತಿ ಸತ್ತವನ ಹಾಗೆ ತಲೆ ಮೇಲೆ ನೀರು ಹಾಕಿಕೊಂಡು, ಆಮೇಲೆ ಹಸೆಮಣೆಗೆ ಬರಬೇಕು. ಪಟಾಲಮ್ಮ ಮಚ್ಚು ಕೈಗೆ ಕೊಟ್ಟಳು. ಅವನು ಅದನ್ನು ಹಿಡಿದುಕೊಂಡು ನಿಂತೇ ಇದ್ದ.

"ಲೇ, ಹೊತ್ತೇರ್ತಾ ಐತೆ, ಕಡಿ."

"ಆಗಕಿಲ್ಲ ಕಣಕ್ಕಾ" ಎಂದು ಮಚ್ಚನ್ನು ಕೆಳಗಿಟ್ಟು ಅವನು ಏರಿ ಇಳಿದುಬಿಟ್ಟ. ಮುಹೂರ್ತ ಮೀರುತ್ತದೆಂದು ಯಾರೂ ಒತ್ತಾಯ ಮಾಡಲಿಲ್ಲ. ಬೇಸಗೆಗೆ ಅದೇ ಒಣಗುತ್ತದೆ ಬಿಡು ಎಂದುಕೊಂಡರು.

ಇದೆಲ್ಲ ಮಂಜುಶ್ರೀಗೆ ಗೊತ್ತಾದದ್ದು ಆಮೇಲೆ. ಹಸೆಮಣೆಯ ಮೇಲೆ ಅವಳು ಕಂಡದ್ದು ಒಂದನ್ನೇ. ಅವನು ಅವಳ ಕೊರಳಿಗೆ ಕೈ ತರುವ ಮೊದಲೇ ಅವನ ಉಗುರುಗಳಲ್ಲಿ ಅರಿಶಿನ ಹತ್ತಿತ್ತು.

ಮದುವೆಯಾದ ವಾರದಲ್ಲಿ ಪಟಾಲಮ್ಮ ಅವಳನ್ನು ಏರಿಗೆ ಕರೆದುಕೊಂಡು ಹೋದಳು, ಮಾಸ್ತಮ್ಮನಿಗೆ ಅರಿಶಿನ ಕುಂಕುಮ ಇಡಲು. ಕಲ್ಲಿನಲ್ಲಿ ಬಳೆ ತೊಟ್ಟ ಒಂದು ತೋಳು ಮೇಲೆದ್ದು ನಿಂತಿತ್ತು, ಅಂಗೈ ಎದುರಿಗೆ ತೋರಿಸಿಕೊಂಡು. ಅದರ ಪಕ್ಕಕ್ಕೇ ಗಿಡ. ಬೂದುಹಸಿರು ಎಲೆ, ಗೊಂಚಲು ಗೊಂಚಲು ಬಿಳಿ ಹೂವು, ಕೊಂಬೆಯಲ್ಲಿ ಇನ್ನೂ ಬಣ್ಣ ಹೋಗದ ಅರಿಶಿನ ದಾರ.

"ಹಿಂದೆ ಪಾಳೇಗಾರ್ರ ಕಾಲ್ದಾಗೆ ಈ ಕೆರೆ ಕಾಯೋನು ಒಬ್ಬ ಇದ್ನಂತೆ, ಅವನಿಗೆ ಇಬ್ರು ಹೆಂಡ್ರು" ಎಂದು ಪಟಾಲಮ್ಮ ಕಥೆ ತೆಗೆದಳು. ಅವನು ಕಾಳಗದಲ್ಲಿ ಸತ್ತ. ಚಿತೆಗೆ ಹೆಂಡತಿಯೊಬ್ಬಳು ಹೋಗಲೇಬೇಕೆಂದು ಊರ ದೊಡ್ಡವರು ಹಟ ಹಿಡಿದರು. ಹಿರಿಯಳ ಕಂಕುಳಲ್ಲಿ ಮೊಲೆಗೂಸು. ಕಿರಿಯಳು ಮದುವೆಯಾಗಿ ತಿಂಗಳೂ ಆಗದ ಹುಡುಗಿ. ಕೂಸಿನ ತಾಯಿಯನ್ನು ಬಿಟ್ಟು ಕಿರಿಯಳ ಕೈ ಹಿಡಿದು ಎಳೆದರು. ಆಗ ಹಿರಿಯಳು ಅಡ್ಡ ಬಂದಳು. ಕೂಸನ್ನು ಸವತಿಯ ಮಡಿಲಿಗೆ ಹಾಕಿ, ನೀನಿಲ್ಲೇ ನಿಲ್ಲು, ನಿನ್ನ ಸಾವನ್ನೂ ನಾನೇ ಸಾಯುತ್ತೇನೆ ಎಂದು ಕೈಯೆತ್ತಿ ಹೇಳಿ ತಾನೇ ನಡೆದಳು. ಕೂಸು ಬಿಟ್ಟ ಎದೆಯ ಹಾಲು ಏರಿಯುದ್ದಕ್ಕೂ ತೊಟ್ಟಿಕ್ಕಿತು. ಹಾಲು ಬಿದ್ದ ಕಡೆ ಬಿಳಿ ಎಕ್ಕ ಹುಟ್ಟಿತು.

"ಆ ಕೈ ಹರಸೋ ಕೈ ಅಲ್ಲ ಕಣಮ್ಮ, ನಿಲ್ಲು ಅನ್ನೋ ಕೈ. ಇನ್ನೊಬ್ಳ ಸಾವು ತಾನು ತಕ್ಕೊಂಡೋಳು ಅವಳು. ಅದಕ್ಕೇ ಹೆಂಡ್ರು ನಿಲ್ಲದೋರು ಈ ಗಿಡಕ್ಕೇ ತಾಳಿ ಕಟ್ಟೋದು. ನಿನ್ನ ಪಾಲಿನ ಸಾವು ಈಗ ಅವಳ ತಾವ ಐತೆ. ಕೈ ಮುಗಿ."

ಮಂಜುಶ್ರೀ ಕೈ ಮುಗಿದಳು. ಜಗಳಗಂಟಿ ಸವತಿಯಾಗಿದ್ದರೆ ಅವಳಿಗೆ ಹೇಗೆ ಬಾಳಬೇಕೆಂದು ಗೊತ್ತಿತ್ತು. ಇಷ್ಟು ಒಳ್ಳೆಯವಳನ್ನು ಏನು ಮಾಡುವುದು? ತಾನು ಯಾರಿಗಾದರೂ ಬದಲಾಗಿ ಸಾಯುವ ಹೆಂಗಸಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ವಿಚಿತ್ರವೆಂದರೆ ಸತ್ತುಹೋದ ಇಬ್ಬರ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಬರಲೇ ಇಲ್ಲ. ಗೋಡೆಯ ಮೇಲೆ ಲಕ್ಕಮ್ಮನ ಫೋಟೋ, ರಂಗಲಕ್ಷ್ಮಿಯ ಫೋಟೋ ಇದ್ದವು. ಅವಳೇ ಒರೆಸಿ ಶುಕ್ರವಾರ ಹೂ ಮುಡಿಸುತ್ತಿದ್ದಳು. ರಂಗಲಕ್ಷ್ಮಿ ತೊಟ್ಟ ರವಿಕೆಯ ತೋಳು ಸರಿಯಾಗಿ ಕೂತಿಲ್ಲ, ಯಾರೋ ಬಾರದವರು ಹೊಲಿದದ್ದು ಎಂದು ಮರುಕಪಟ್ಟಿದ್ದೂ ಉಂಟು.

ಕಷ್ಟ ಬಂದದ್ದು ಭೀಮರಾಜುವಿನ ಮೌನದಿಂದ. ಅವನು ಕುಡಿಯುವವನಲ್ಲ, ಹೊಡೆಯುವವನಲ್ಲ, ಬೈಯುವವನಲ್ಲ. ಮಾತೇ ಇಲ್ಲ ಅಷ್ಟೆ. ಮುದ್ದೆ ಇಟ್ಟರೆ ಉಣ್ಣುವನು. ಸಾರು ಹೆಂಗಿದೆ ಎಂದರೆ "ಐತೆ" ಎನ್ನುವನು. ಇವತ್ತು ಏನಾಯಿತು ಎಂದರೆ "ಏನಾಯ್ತದೆ? ಏನಿಲ್ಲ" ಎನ್ನುವನು. ಕೇಳಿಕೇಳಿ ಅವಳಿಗೇ ನಾಚಿಕೆಯಾಗಿ, ಮಿಷಿನ್ನಿನ ಸದ್ದನ್ನೇ ಮಾತು ಎಂದುಕೊಂಡು ಕೂರತೊಡಗಿದಳು.

ಚೈತ್ರದ ಬಿಸಿಲಿಗೆ ಏರಿಯ ಮೇಲಿನ ಹುಲ್ಲೆಲ್ಲ ಸುಟ್ಟುಹೋಯಿತು. ಎಕ್ಕ ಮಾತ್ರ ಒಣಗಲಿಲ್ಲ. ಹೇಗೂ ಎಕ್ಕ ಬಿಸಿಲಿಗೆ ಜಗ್ಗುವ ಗಿಡವಲ್ಲ. ಅದರ ಮೇಲೆ ಇದಕ್ಕೆ ಆರೈಕೆ ಬೇರೆ ಸಿಗುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ನಕ್ಕು ಹೇಳಿದಾಗಲೇ ಅವಳಿಗೆ ತಿಳಿದದ್ದು.

"ಮಂಜಮ್ಮ, ನಿನ್ನ ಗಂಡ ನಮ್ಮ ಕೇರಿಗೆ ಅರ್ಧ ಗಂಟೆ ನೀರು ಬುಟ್ರೆ, ಏರಿ ಮೇಲಿನ ನಿಮ್ಮಕ್ಕಂಗೆ ಒಂದು ಬಿಂದಿಗೆ ಹೊತ್ಕೊಂಡೋಗ್ತಾನೆ ಕಣಮ್ಮ!"

ಅವಳೂ ನಕ್ಕಳು. ನಕ್ಕ ಬಾಯಿ ಮನೆ ಸೇರುವಷ್ಟರಲ್ಲಿ ಕಹಿಯಾಗಿತ್ತು. ಮದುವೆಯಾದ ಮೇಲೆ ಒಂದು ದಿನವಾದರೂ ಅವನು ಅವಳ ಬಿಂದಿಗೆ ಹೊತ್ತದ್ದಿಲ್ಲ.

ಮಾರನೆಯ ದಿನ ಹುಣಸೆಹಣ್ಣು ಆಯುವ ನೆಪ ಮಾಡಿಕೊಂಡು ಅವಳು ಏರಿಯ ಹಿಂಭಾಗದಿಂದ ಹೋದಳು. ಹುಣಸೆ ಮರದ ಮರೆಯಲ್ಲಿ ನಿಂತಾಗ ಗಂಡನ ದನಿ ಕೇಳಿಸಿತು. ಅವನು ಗಿಡಕ್ಕೆ ಬೆನ್ನು ಮಾಡಿ, ಮಾಸ್ತಿಕಲ್ಲಿನ ನೆರಳಿನಲ್ಲಿ ಕೂತು, ಬೀಡಿ ಸೇದುತ್ತಾ ಮಾತಾಡುತ್ತಿದ್ದ.

"ಮೇಲಿನ ಕೇರಿ ವಾಲ್ವು ಮತ್ತೆ ಜಿನುಗ್ತಾ ಐತೆ. ವಾಷರ್ ತರ್ಬೇಕು. ನಾಗಲಿಂಗಯ್ಯನ ಮನೆಯೋರು ನಲ್ಲಿಗೇ ಮೋಟ್ರು ಹಾಕವ್ರೆ. ಹಿಂಗೆ ಮಾಡಿದ್ರೆ ಮುಂದಿನೋರಿಗೆ ಹೆಂಗೆ ನೀರು ಏರ್ತದೆ ಅಂದ್ರೆ, ಆವಯ್ಯ ಮೋಟ್ರ ಮೇಲೆ ಗೋಣಿಚೀಲ ಮುಚ್ಚಿ, ಎಲ್ಲೈತೆ ತೋರ್ಸು ಅಂತಾನೆ! ಚೀಲದೊಳಗೆ ಗುರ್ರ್ ಅಂತಾ ಐತೆ, ಕೋಳಿ ಮಲಗೈತೆ ಅಂತಾನೆ!"

ಹೇಳಿ ಅವನು ನಕ್ಕ. ಭುಜ ಕುಣಿಸಿಕೊಂಡು ನಕ್ಕ. ಮದುವೆಯಾಗಿ ಎರಡು ತಿಂಗಳಾಗಿತ್ತು, ಗಂಡ ನಗುವ ಸದ್ದು ಹೇಗಿರುತ್ತದೆಂದು ಮಂಜುಶ್ರೀ ಕೇಳಿದ್ದು ಅದೇ ಮೊದಲು.

ಅವನು ಗುಟ್ಟಿನ ಮಾತು ಹೇಳಿಕೊಂಡಿದ್ದರೆ, ಸತ್ತವರನ್ನು ನೆನೆದು ಅತ್ತಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ವಾಲ್ವು, ವಾಷರು, ನಾಗಲಿಂಗಯ್ಯನ ಕೋಳಿ! ಸಂಜೆ ಜಗಲಿಯ ಮೇಲೆ ಕೂತು ಹೆಂಡತಿಗೆ ಹೇಳುವ ಮಾತುಗಳು. ಅವು ತನ್ನ ಪಾಲಿನವು. ಹಿಡಿಯಷ್ಟೂ ಉಳಿಸದೆ ಎಲ್ಲವನ್ನೂ ಅಲ್ಲಿ ಸುರಿದು, ಬರಿದಾಗಿ ಮನೆಗೆ ಬರುತ್ತಿದ್ದಾನೆ.

ಆ ಸಂಜೆ ಬೇಕೆಂದೇ ಕೇಳಿದಳು. "ಇವತ್ತು ಏನಾಯ್ತು ರೀ?"

"ಏನಿಲ್ಲ."

ದಾರ, ಲೇಸು ತರಲು ಅವಳು ಬಡವನಹಳ್ಳಿಗೆ ಹೋಗುತ್ತಿದ್ದಳು. ಅಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದ ಖಾಜಾಬಿ ಶಿರಾದವಳು, ಅವಳ ಓರಗೆಯವಳು. ಹೊಟ್ಟೆಯಲ್ಲಿದ್ದದ್ದನ್ನು ಮಂಜುಶ್ರೀ ಹೇಳಿಕೊಂಡದ್ದು ಅವಳೊಬ್ಬಳ ಹತ್ತಿರ. ಖಾಜಾಬಿ ಕತ್ತರಿ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು.

"ಯಾ ಅಲ್ಲಾ! ಗಿಡದ ಮ್ಯಾಲೆ ಹೊಟ್ಟೆಕಿಚ್ಚಾ ನಿಂಗೆ?"

"ನಗಬ್ಯಾಡ ಖಾಜಾಬಿ. ಹೆಂಗಸಾಗಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ."

"ನಿನ್ ಮಿಯಾಗೆ ಕೇಳ್ಬುಡು ಸೀದಾ. ನನ್ ಜೊತೆ ಯಾಕೆ ಮಾತಾಡಲ್ಲ ಅಂತ."

"ಕೇಳಿ ತಗೊಂಡ ಮಾತು ಮಾತಾಯ್ತದಾ?" ಎಂದಳು ಮಂಜುಶ್ರೀ. ಖಾಜಾಬಿಗೆ ನಗು ನಿಂತಿತು.

ಅಲ್ಲಿಂದ ಮುಂದೆ ಅವಳ ಕಣ್ಣಿಗೆ ಬೇರೇನೂ ಕಾಣದಾಯಿತು. ಅವನ ಪಂಚೆಯ ಅಂಚಿನಲ್ಲಿ ಎಕ್ಕದ ಹಾಲಿನ ಕಲೆ ಇದೆಯೇ ಎಂದು ಒಗೆಯುವಾಗ ಹುಡುಕುವಳು. ಒಮ್ಮೆ ಅಂಗಿಯ ತೋಳಿಗೆ ಎಕ್ಕದ ಬೀಜದ ರೇಷ್ಮೆಯಂಥ ಅರಳೆ ಅಂಟಿಕೊಂಡು ಬಂದಿತ್ತು. ಪರಹೆಂಗಸಿನ ತಲೆಗೂದಲು ಸಿಕ್ಕಿದ ಹಾಗೆ ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ ಒಲೆಗೆ ಹಾಕಿದಳು. ಎಲೆ ತಿನ್ನುವ ಮಿಡತೆಗಳನ್ನು ಅವನು ಒಂದೊಂದಾಗಿ ಆರಿಸಿ ತೆಗೆಯುತ್ತಾನೆಂದು ಯಾರೋ ಹೇಳಿದರು. ದನ ಮೈ ಉಜ್ಜಬಾರದೆಂದು ಸುತ್ತ ಜಾಲಿಮುಳ್ಳು ಕಟ್ಟಿದ್ದಾನೆಂದು ಇನ್ಯಾರೋ ಹೇಳಿದರು. ಅವಳಿಗೆ ಊಟ ಸೇರದಾಯಿತು. ಗಿಡಕ್ಕೆ ಹೊಟ್ಟೆಯುರಿದುಕೊಳ್ಳುತ್ತಿದ್ದೇನಲ್ಲ ಎಂದು ತನ್ನ ಮೇಲೇ ಅಸಹ್ಯ. ಆ ಅಸಹ್ಯದಿಂದ ಉರಿ ಇನ್ನೂ ಹೆಚ್ಚುತ್ತಿತ್ತು.

ಕೊನೆಗೆ ಒಂದು ಪರೀಕ್ಷೆ ಮಾಡಿದಳು. "ಶನಿವಾರ ಆಂಜನೇಯನಿಗೆ ಎಕ್ಕದ ಹಾರ ಹಾಕ್ಬೇಕು ಅಂತ ಹರಕೆ ಐತೆ. ಹೂ ತಂದ್ಕೊಡ್ತೀರಾ?"

ಅವನು ತಲೆಯಾಡಿಸಿ ಹೋದ. ಬಿಸಿಲೇರುವ ಹೊತ್ತಿಗೆ ಟವೆಲ್ಲಿನ ತುಂಬ ಹೂ ತಂದು ಮುಂದಿಟ್ಟ. ಅವಳು ಬಿಡಿಸಿ ನೋಡಿದಳು. ಎಲ್ಲವೂ ನೇರಳೆ. ಒಂದೂ ಬಿಳಿಯದಿಲ್ಲ. ಬಡವನಹಳ್ಳಿ ರಸ್ತೆಯ ಪಕ್ಕದ ಕಾಡು ಎಕ್ಕದಿಂದ, ಅಷ್ಟು ದೂರ ಹೋಗಿ ಕಿತ್ತು ತಂದಿದ್ದ. ಏರಿಯ ಮೇಲಿನ ಗಿಡದಿಂದ ಒಂದು ಮೊಗ್ಗನ್ನೂ ಮುಟ್ಟಿರಲಿಲ್ಲ.

ಅವಳು ಹಾರ ಕಟ್ಟಿ ದೇವರಿಗೆ ಹಾಕಿ ಬಂದಳು. ಸೋಮವಾರ ಮಧ್ಯಾಹ್ನ ಅವನು ವಾಷರ್ ತರಲು ಹೋದಾಗ ಕುಡುಗೋಲು ತೆಗೆದುಕೊಂಡು ಏರಿ ಹತ್ತಿದಳು.

ಮುಳ್ಳು ಸರಿಸಿ, ಕಲ್ಲಿನ ಮೇಲೆತ್ತಿದ ಕೈ ಕಡೆಗೆ ನೋಡದೆ, ಬುಡಕ್ಕೇ ಕುಡುಗೋಲು ಹಾಕಿದಳು. ಹಸಿ ಕೊಂಬೆ ಮೆತ್ತಗೆ ತುಂಡಾಯಿತು. ಎರಡು, ಮೂರು, ನಾಲ್ಕು. ಕಡಿದಲ್ಲೆಲ್ಲ ಬಿಳಿ ಹಾಲು ಉಕ್ಕಿ ಅವಳ ಕೈಗೆ, ಸೀರೆಗೆ ಸುರಿಯಿತು. ದಪ್ಪ ಕೊಂಬೆಯೊಂದನ್ನು ಕೈಯಲ್ಲಿ ಎಳೆದು ಮುರಿದಾಗ ಚಿಟಿಲ್ ಎಂದು ಹಾಲು ಮುಖಕ್ಕೆ ಸಿಡಿಯಿತು. ಎಡಗಣ್ಣು ಒದ್ದೆಯಾಯಿತು. ಅದೇ ಕೈಯಲ್ಲಿ ಎರಡೂ ಕಣ್ಣು ಉಜ್ಜಿಕೊಂಡಳು.

ನೋವೇನೂ ಆಗಲಿಲ್ಲ. ಮೊದಲು ಅದೇ ಅವಳಿಗೆ ಮೋಸ ಮಾಡಿದ್ದು. ಉಳಿದ ಕೊಂಬೆಗಳನ್ನೂ ಕಡಿದು ಏರಿಯಿಂದ ಕೆಳಕ್ಕೆ ಎಸೆದಳು. ಎದ್ದು ನಿಂತು ಊರ ಕಡೆ ನೋಡಿದರೆ ಎಡಗಣ್ಣಿಗೆ ಊರೇ ಕಾಣಲಿಲ್ಲ. ಹಾಲಿನೊಳಗಿಂದ ನೋಡಿದ ಹಾಗೆ ಎಲ್ಲ ಬೆಳ್ಳಗೆ. ಇನ್ನೊಂದು ಕಣ್ಣೂ ಹಾಗೇ ಮುಸುಕತೊಡಗಿತು. ಅವಳು ನೆಲ ತಡವುತ್ತಾ, ಕೂತುಕೊಂಡೇ ಜಾರುತ್ತಾ ಏರಿ ಇಳಿದು, "ಯಾರಾದ್ರೂ ಬರ್ರೋ" ಎಂದು ಕೂಗಿದಳು.

ಬಂದವನು ಭೀಮರಾಜುವೇ. ವಾಷರ್ ಕೊಂಡು ವಾಲ್ವಿನ ಹತ್ತಿರಕ್ಕೆ ಆಗ ತಾನೇ ಬಂದಿದ್ದ. ಅವಳನ್ನು ಎತ್ತಿಕೊಂಡ ಹಾಗೇ ನಡೆಸಿ, ಏರಿ ಕೆಳಗಿನ ಪೈಪಿನ ಮುಂದೆ ಕೂರಿಸಿ, ನೀರು ಬಿಟ್ಟು, ರೆಪ್ಪೆ ಬಿಡಿಸಿ ಹಿಡಿದು ಕಣ್ಣು ತೊಳೆದ. ತೊಳೆದೇ ತೊಳೆದ. ಪಟಾಲಮ್ಮ ಓಡಿಬಂದು ಆಡಿನ ಹಾಲು ಹಾಕೋಣ ಎಂದರೆ "ಬ್ಯಾಡ, ನೀರೇ" ಎಂದ. ಅವಳ ಮೈಯೆಲ್ಲ ನೆನೆದು ನಡುಗುವವರೆಗೂ ಬಿಡಲಿಲ್ಲ. ಅವಳ ಕೈಗೆ ಅಂಟಿದ್ದ ಹಾಲನ್ನು ಉಜ್ಜುವಾಗ ಮಾತ್ರ ಒಂದು ಗಳಿಗೆ ಅವನ ಕೈ ನಿಂತಿತು. ಅದು ಯಾವುದರ ಹಾಲು, ಯಾಕೆ ಅಂಟಿತು ಎಂದು ಅವನಿಗೆ ಅರ್ಥವಾಯಿತೆಂದು ಅವಳಿಗೂ ತಿಳಿಯಿತು.

ಮಧುಗಿರಿಯ ಕಣ್ಣಿನ ಡಾಕ್ಟರು ನೋಡಿ, ನೀರಿನಲ್ಲಿ ತೊಳೆದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ದೃಷ್ಟಿಯೇ ಹೋಗುತ್ತಿತ್ತು ಎಂದರು. ಗಂಟೆಗೊಮ್ಮೆ ಹಾಕುವ ಹನಿ ಕೊಟ್ಟು, ಹತ್ತು ಹನ್ನೆರಡು ದಿನ ಬೆಳಕು ನೋಡಬಾರದು ಎಂದು ಕಣ್ಣಿಗೆ ಪಟ್ಟಿ ಕಟ್ಟಿದರು.

ಎರಡನೆಯ ದಿನ ಅವಳು ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಭೀಮರಾಜು ಹನಿ ಹಾಕಿ, ಪಟ್ಟಿ ಕಟ್ಟಿ, ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಚಟ್ ಚಟ್ ಎಂದು ಸಿಪ್ಪೆ ಒಡೆಯುವ ಸದ್ದು. ಅದರ ನಡುವೆ ಇದ್ದಕ್ಕಿದ್ದ ಹಾಗೆ ಅವನು ಹೇಳಿದ.

"ಆ ವಾಷರ್ ಸೈಜೇ ಬೇರೆ. ಅಂಗಡಿಯೋನು ತಪ್ಪು ಕೊಟ್ಟವ್ನೆ. ಟ್ಯೂಬು ಕತ್ತರಿಸಿ ಕಟ್ದೆ, ಈಗ ಜಿನುಗೋದು ನಿಂತೈತೆ."

ಅದು ಏರಿಯ ಮೇಲಿನ ದನಿ. ಅಲುಗಿದರೆ ಹಾರಿಹೋಗುವ ಹಕ್ಕಿ ಎದುರಿಗೆ ಕೂತಂತೆ ಅವಳು ಹಾಗೇ ಕೂತಳು. ಅವನು ಇನ್ನೂ ಹೇಳಿದ. ಯಾರ ಮನೆಯ ಮುಂದೆ ಪೈಪು ಒಡೆಯಿತು, ಯಾರು ಯಾರಿಗೆ ಏನೆಂದರು. ಮಾರನೆಯ ದಿನವೂ ಹೇಳಿದ. ಐದನೆಯ ದಿನಕ್ಕೆ ಅವಳಿಗೆ ಧೈರ್ಯ ಬಂತು.

"ಮದುವೆ ದಿನ ಯಾಕೆ ಕಡೀಲಿಲ್ಲ ನೀವು?"

ಸಿಪ್ಪೆಯ ಸದ್ದು ನಿಂತಿತು. ಅವನು ಹೇಳಿದ. "ಇಬ್ರನ್ನ ಮಣ್ಣು ಮಾಡಿದೀನಿ. ಮೂರನೇದನ್ನ ನಾನೇ ಕೈಯಾರೆ ಕಡೀಬೇಕು ಅಂದ್ರೆ... ಗಿಡ ಆದ್ರೇನು."

"ಅದ್ರ ತಾವ ಮಾತಾಡೋದು? ನನ್ನ ತಾವ ಯಾಕಿಲ್ಲ?"

"ಅದು ನೋಡಕಿಲ್ವಲ್ಲ" ಎಂದ. "ಲಕ್ಕಮ್ಮ ಕೊನೇ ಮೂರು ದಿನ ಮಾತು ನಿಂತು ನನ್ನೇ ನೋಡ್ತಾ ಮಲಗಿದ್ಲು. ಏನು ಕೇಳ್ತಾ ಅವ್ಳೆ ಅಂತ ಗೊತ್ತಾಗ್ಲಿಲ್ಲ. ಆವಾಗಿಂದ ಯಾರಾದ್ರೂ ಮಖ ನೋಡಿದ್ರೆ ನಾಲಿಗೆ ಹೊರಳಕಿಲ್ಲ. ರಂಗಲಕ್ಷ್ಮಿಗೂ ನಾನು ಏನೂ ಹೇಳ್ಲಿಲ್ಲ. ಅವಳೂ ಹಂಗೇ ಹೊಂಟೋದ್ಲು."

ಮಂಜುಶ್ರೀಯ ಪಟ್ಟಿಯೊಳಗೆ ಕಣ್ಣು ನೆನೆಯಿತು. ಆ ಮಾತು ಅಲ್ಲಿಗೆ ನಿಂತಿದ್ದರೆ ಅವಳು ಗಿಡವನ್ನು ಕ್ಷಮಿಸಿಬಿಡುತ್ತಿದ್ದಳೇನೋ. ಅವನು ಮೆಲ್ಲಗೆ ಮತ್ತೊಂದು ಸೇರಿಸಿದ.

"ನೀನು ಕಡಿದ ದಿನ ಸಂಜೆ ತಲೆ ಮೇಲೆ ನೀರು ಹಾಕ್ಕೊಂಡೆ. ಮೊದ್ಲೇ ಮಾಡ್ಬೇಕಿತ್ತು, ಬಾಕಿ ಇತ್ತು."

ಹೆಂಡತಿ ಸತ್ತವನ ಸ್ನಾನ! ತಾನು ಕಣ್ಣು ಕಳೆದುಕೊಂಡು ಒಳಗೆ ಮಲಗಿದ್ದಾಗ ಇವನು ಹಿತ್ತಲಿನಲ್ಲಿ ಏರಿ ಮೇಲಿನವಳಿಗಾಗಿ ಸ್ನಾನ ಮಾಡಿದ್ದ. "ಅತ್ತಿರಾ?" ಎಂದು ಕೇಳಿದಳು.

"ಇಲ್ಲ" ಎಂದ ಅವನು. ಸುಳ್ಳೋ ನಿಜವೋ ಮುಖ ನೋಡಿ ತಿಳಿಯಲು ಅವಳಿಗೆ ಕಣ್ಣಿರಲಿಲ್ಲ.

ಹನ್ನೆರಡನೆಯ ದಿನ ಪಟ್ಟಿ ಬಿಚ್ಚಿದರು. ಬಲಗಣ್ಣು ಸರಿಯಾಗಿತ್ತು. ಎಡಗಣ್ಣಿನಲ್ಲಿ ತೆಳ್ಳಗೆ ಒಂದು ಮಂಜು ಉಳಿಯಿತು. ಸೂಜಿಗೆ ದಾರ ಪೋಣಿಸಲು ತಲೆ ಒಂದು ಕಡೆ ವಾಲಿಸಬೇಕು, ಅಷ್ಟೆ. ಆದರೆ ಪಟ್ಟಿ ಬಿಚ್ಚಿದ ಸಂಜೆಯೇ ಅವಳು ಇಷ್ಟಗಲ ಕಣ್ಣು ಬಿಟ್ಟು "ಇವತ್ತು ಏನಾಯ್ತು?" ಎಂದರೆ ಅವನು ನೆಲ ನೋಡಿ "ಏನಿಲ್ಲ" ಎಂದುಬಿಟ್ಟ.

ಒಂದು ವಾರ ಅವಳು ಕಂಗಾಲಾದಳು. ಆಮೇಲೆ ಒಂದು ದಿನ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುವಾಗ, ಅವನು ಬಂದದ್ದು ಗೊತ್ತಾದರೂ ತಿರುಗಿ ನೋಡಲಿಲ್ಲ. ಬೆನ್ನು ಮಾಡಿಕೊಂಡೇ ಇದ್ದಳು. ಎರಡನೆಯ ರೊಟ್ಟಿ ಕಾವಲಿಗೆ ಬಿತ್ತು. ಮೂರನೆಯದನ್ನು ತಟ್ಟುತ್ತಿದ್ದಾಗ ಹಿಂದಿನಿಂದ ದನಿ ಬಂತು. "ನಾಗಲಿಂಗಯ್ಯನ ಮೋಟ್ರು ಸುಟ್ಟೋಯ್ತು ಇವತ್ತು." ಅವಳು ಬೆನ್ನು ಮಾಡಿಯೇ ನಕ್ಕಳು. ಅಂದಿನಿಂದ ಮಾತು ಬೇಕೆನಿಸಿದಾಗಲೆಲ್ಲ ಅವಳು ಅಕ್ಕಿ ಆರಿಸಲು, ಗುಂಡಿ ಹಾಕಲು ಗೋಡೆಯ ಕಡೆ ತಿರುಗಿ ಕೂರುವುದನ್ನು ರೂಢಿ ಮಾಡಿಕೊಂಡಳು.

ಆಷಾಢದ ತುಂತುರಿಗೆ ಎಕ್ಕದ ಬುಡ ಚಿಗುರಿತು. ಕಡಿದ ಒಂದೊಂದು ಕೊಂಬೆಯ ಜಾಗದಲ್ಲಿ ಎರಡೆರಡು ಬಂದವು. ಪಟಾಲಮ್ಮ ಊರಿಗೆಲ್ಲ ಸಾರಿದಳು. ನಾಲ್ಕನೆಯವಳು ಕುಡುಗೋಲು ಎತ್ತಿದಳು, ಮಾಸ್ತಮ್ಮ ಹಾಲು ಚೆಲ್ಲಿ ನಿಲ್ಲು ಎಂದಳು, ಆದರೂ ಒಳ್ಳೆಯವಳು, ಕಣ್ಣು ಉಳಿಸಿಕೊಟ್ಟಳು ಎಂದು. ಹೆಂಗಸರು ಗಿಡಕ್ಕೆ ಬಳೆ ಕಟ್ಟತೊಡಗಿದರು. ಪಟಾಲಮ್ಮ ದಿನಾ ದೀಪ ಹಚ್ಚತೊಡಗಿದಳು. ಭೀಮರಾಜು ಬಿಂದಿಗೆ ಹೊರುವ ಅಗತ್ಯವೂ ಇಲ್ಲವಾಯಿತು, ನೀರು ಹಾಕುವವರು ಬೇಕಾದಷ್ಟು ಜನ. ಆದರೂ ವಾಲ್ವು ತಿರುಗಿಸಲು ಅವನು ಆ ಕಡೆ ಹೋದಾಗಲೆಲ್ಲ ಎಷ್ಟು ಹೊತ್ತಿಗೆ ಬಂದ ಎಂದು ಮಂಜುಶ್ರೀ ಗಡಿಯಾರ ನೋಡುತ್ತಿದ್ದಳು. ಪಟಾಲಮ್ಮನ ಕಥೆಯಲ್ಲಿ ಏರಿ ಮೇಲಿನವಳು ಒಳ್ಳೆಯವಳು, ತಾನು ಕೆಟ್ಟವಳು. ಅದಕ್ಕೂ ಹೊಟ್ಟೆಯುರಿಯುತ್ತಿತ್ತು.

ಮರು ವರ್ಷ ಕಣ್ಣು ತೋರಿಸಿಕೊಂಡು ಮಧುಗಿರಿಯಿಂದ ಶಿರಾ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದಳು. ಪಕ್ಕದಲ್ಲಿ ಕೂತವಳು ಪಾವಗಡದ ಕಡೆಯ ಹೆಂಗಸು, ತೆಲುಗು ಬೆರೆಸಿ ಮಾತಾಡುವವಳು, ಗೌಡಗೆರೆಯ ಮಗಳ ಮನೆಗೆ ಹೊರಟವಳು. ಬಡವನಹಳ್ಳಿಯ ಹತ್ತಿರ ಎಲ್ಲೋ ಒಂದು ಎಕ್ಕದಮ್ಮ ಇದೆಯಂತಲ್ಲ, ಗೊತ್ತಾ ಎಂದು ಕೇಳಿದಳು.

"ಏನು ಕಥೆ?" ಎಂದಳು ಮಂಜುಶ್ರೀ.

"ಅಯ್ಯೋ ತಲ್ಲೀ, ನಿಂಗೆ ಗೊತ್ತಿಲ್ವಾ? ಒಬ್ಬನಿಗೆ ಎಕ್ಕದ ಗಿಡಾನೇ ಹೆಂಡ್ತಿ ಅಂತೆ. ಆಮೇಲೆ ಕಟ್ಕೊಂಡೋಳು, ಮಹಾ ಕೆಟ್ಟೋಳು, ಅಸೂಯ ತಾಳಲಾರದೆ ಕಡಿದಾಕ್ಬುಟ್ಲಂತೆ. ಚೂಡು, ಎರಡು ಕಣ್ಣೂ ಹೋಗಿ ಬೀದಿ ಬೀದಿ ಅಲೀತಾ ಅವ್ಳಂತೆ. ನಿಜಂ ಕಣಮ್ಮ."

ಮಂಜುಶ್ರೀ ಎಲ್ಲ ಕೇಳಿಸಿಕೊಂಡಳು. ತನ್ನನ್ನು ಕುರುಡಿ ಮಾಡಿದ್ದಕ್ಕೂ, ಬೀದಿ ಅಲೆಸಿದ್ದಕ್ಕೂ ಅವಳಿಗೆ ಏನೂ ಅನಿಸಲಿಲ್ಲ. ಒಂದನ್ನೇ ಕೇಳಿದಳು. "ಗಂಡ ಏನಾದ?"

"ಅವನಾ? ಅವನು ಮನೆ ಬುಟ್ಟು ಆ ಗಿಡದ ತಾವಲೇ ಗುಡ್ಲು ಹಾಕ್ಕೊಂಡು ಕೂತ್ಬುಟ್ನಂತೆ. ದಿನವೆಲ್ಲಾ ಅದ್ರ ಜೊತೇನೇ ಮಾತಂತೆ."

"ಸುಳ್ಳು" ಎಂದಳು ಮಂಜುಶ್ರೀ. ಎಷ್ಟು ಗಟ್ಟಿಯಾಗಿ ಎಂದರೆ ಮುಂದಿನ ಸೀಟಿನವರು ತಿರುಗಿ ನೋಡಿದರು. "ಅವನು ದಿನಾ ಮನೆಗೆ ಬರ್ತಾನೆ. ಮನೇಲೇ ಉಣ್ತಾನೆ, ಮನೇಲೇ ಮಾತಾಡ್ತಾನೆ. ನಂಗೊತ್ತು."

ಪಾವಗಡದವಳು ಬೆಪ್ಪಾಗಿ ನೋಡಿದಳು. ಅಷ್ಟರಲ್ಲಿ ಬಡವನಹಳ್ಳಿ ಬಂತು.

ಭೀಮರಾಜು ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬಸ್ಸಿನ ಕಿಟಕಿಯಿಂದ ಆ ಹೆಂಗಸು ನೋಡುತ್ತಿದ್ದಾಳೆಂದು ತಿಳಿದೇ ಮಂಜುಶ್ರೀ ಅವನ ಹಿಂದೆ ಕೂತು ಹೆಗಲ ಮೇಲೆ ಕೈ ಇಟ್ಟಳು. ಬಸ್ಸು ಹೋಗುವವರೆಗೂ ಗಾಡಿ ಬಿಡಲು ಹೇಳಲಿಲ್ಲ.

"ಏನಂದ್ರು ಡಾಕ್ಟ್ರು?" ಎಂದ ಅವನು, ಮುಂದಕ್ಕೆ ನೋಡುತ್ತಾ.

"ಇನ್ನು ಬರೋದು ಬ್ಯಾಡ ಅಂದ್ರು."

ಊರಿಗೆ ಎರಡು ದಾರಿ. ಏರಿಯ ಮೇಲಿನದು ಹತ್ತಿರ, ಡಾಂಬರು ರಸ್ತೆಯದು ಒಂದೂವರೆ ಮೈಲಿ ಸುತ್ತು. ಕವಲಿನಲ್ಲಿ ಅವನು ಏರಿಯ ಕಡೆಗೆ ಹ್ಯಾಂಡಲ್ ತಿರುಗಿಸಿದ.

"ರೋಡ್ ಮೇಲೇ ಹೋಗಿ" ಎಂದಳು.

ಅವನು ಯಾಕೆಂದು ಕೇಳದೆ ರಸ್ತೆಗೆ ತಿರುಗಿಸಿದ. ಸ್ವಲ್ಪ ದೂರ ಹೋದ ಮೇಲೆ, ಗಾಳಿಗೆ ಕೇಳಿಸಲೆಂದು ಕುತ್ತಿಗೆ ಒಂದಿಷ್ಟು ವಾಲಿಸಿ, ಕೆಳಗಿನ ಕೇರಿಗೆ ಹೊಸ ಪೈಪು ಬಂದದ್ದನ್ನು, ಅದನ್ನು ಹೂಳುವಾಗ ಇಬ್ಬರು ಜಗಳವಾಡಿದ್ದನ್ನು ಹೇಳತೊಡಗಿದ. ಊರು ಸಿಗುವವರೆಗೂ ಹೇಳುತ್ತಲೇ ಇದ್ದ.